ಚಿತ್ರಪ್ರಶ್ನೆ: ಅಂದಿನ ವಿಮರ್ಶಕರು ಏನಂದಿದ್ದರು?

ಪ್ರಶ್ನೆ: ‘ಕಾಸಾಬ್ಲಾಂಕಾ’ ಬಿಡುಗಡೆಯಾದಾಗಲೇ ವಿಮರ್ಶಕರು ತಲೆದೂಗಿದ್ದರೇ? ಅಥವಾ ಹೊಗಳಿಕೆಯೆಲ್ಲ ಆಮೇಲೆ ಬಂದದ್ದೋ?
– ಓದುಗರೊಬ್ಬರು, ಧಾರವಾಡ

ಉತ್ತರ: ‘ನ್ಯೂಯಾರ್ಕ್ ಟೈಮ್ಸ್’ನ ಬಾಸ್ಲಿ ಕ್ರೌದರ್ ಆಗಲೇ ಮನಸಾರೆ ಮೆಚ್ಚಿ ಬರೆದಿದ್ದರು. ‘ನ್ಯೂಯಾರ್ಕರ್’ ಮಾತ್ರ ‘ಪರವಾಗಿಲ್ಲ’ ಎಂಬ ಧಾಟಿಯಲ್ಲಿ ಮುಗಿಸಿತು. ಅವರು ಚಿತ್ರ ನೋಡಿದ ಹೊತ್ತು ಎಂಥದ್ದು ನೋಡಿ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಚಿತ್ರದ ಕಥೆ ನಡೆಯುವ ಕಾಸಾಬ್ಲಾಂಕಾ ಊರಿರುವ ಉತ್ತರ ಆಫ್ರಿಕಾದಲ್ಲೇ 1942ರ ನವೆಂಬರ್ 8ಕ್ಕೆ ಮಿತ್ರಪಡೆಗಳು ಇಳಿದವು. ಅದೇ ತಿಂಗಳ 26ಕ್ಕೆ ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ. ಅವರಿಗೆ ಅದು ಬೆಳಗಿನ ಪೇಪರಿನ ಸುದ್ದಿ. ನಮ್ಮ ಪಾಲಿಗೆ ಸುದ್ದಿ ಕಳಚಿಬಿದ್ದು ನಾಯಕ–ನಾಯಕಿ ಬೋಗಾರ್ಟ್–ಬರ್ಗ್‌ಮನ್ ಪ್ರೇಮವಷ್ಟೇ ಉಳಿದಿದೆ.

ಎಷ್ಟೋ ವರ್ಷಗಳ ನಂತರ ಇಟಲಿಯ ಲೇಖಕ ಉಂಬರ್ಟೊ ಎಕೋ ಬೇರೆಯದೇ ತಕರಾರು ತೆಗೆದರು: ಕಟ್ಟುನಿಟ್ಟಾಗಿ ಅಳೆದರೆ ಇದು ಸಾಧಾರಣ ಚಿತ್ರ, ಸವಕಲು ಸಂಗತಿ ಎರಡಿದ್ದರೆ ನಗು ಬರುತ್ತದೆ, ನೂರು ಸೇರಿದರೆ ಮನಸ್ಸು ಕರಗುತ್ತದೆ ಅಂತ. ಜಾಣ ಮಾತು. ನಾನಂತೂ ಒಪ್ಪುವುದಿಲ್ಲ. ಜರ್ಮನ್ ಅಧಿಕಾರಿಗಳ ಹಾಡನ್ನು ಅಡಗಿಸಿ ಎಲ್ಲರೂ ಫ್ರೆಂಚ್ ರಾಷ್ಟ್ರಗೀತೆ ಹಾಡುವ ದೃಶ್ಯವಿದೆಯಲ್ಲ, ಅಲ್ಲಿ ಕಣ್ಣೀರಿಳಿಸುತ್ತ ಹಾಡುವ ಹುಡುಗಿ ಮಡ್ಲೆನ್ ಲೆಬೋ. 1940ರಲ್ಲಿ ಯಹೂದಿ ಗಂಡನ ಜೊತೆ ಪ್ಯಾರಿಸ್ ಬಿಟ್ಟು ಓಡಿಬಂದಾಕೆ. ಆ ಗಂಡ ಮಾರ್ಸೆಲ್ ದಾಲಿಯೊ ಇದೇ ಚಿತ್ರದಲ್ಲಿ ಜೂಜಿನ ಮೇಜು ನೋಡಿಕೊಳ್ಳುವವನು. ಆ ಮುಖವನ್ನು ಸವಕಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ‘ಸನ್‌ಸೆಟ್ ಬುಲೆವಾರ್ಡ್’ ಹಾಲಿವುಡ್ಡನ್ನೇ ಜಾಲಾಡುತ್ತದೆ. ಹಾಲಿವುಡ್ ಸುಮ್ಮನಿತ್ತೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಲ್ಲಿ ಸುಮ್ಮನಿರುತ್ತೆ! ಉಂಡ ಮನೆಯ ಜಂತೆ ಎಣಿಸಿದ ಅಂತ ಎಂಜಿಎಂ ಸ್ಟುಡಿಯೋದ ಮುಖ್ಯಸ್ಥ ಲೂಯಿ ಬಿ. ಮೇಯರ್ ನಿರ್ದೇಶಕ ಬಿಲ್ಲಿ ವೈಲ್ಡರ್ ಮೇಲೆ ಹರಿಹಾಯ್ದರು. ವಿಮರ್ಶಕ ಜೇಮ್ಸ್ ಏಜಿ ಮಾತ್ರ ಚಿತ್ರವನ್ನು ಎತ್ತಿಹಿಡಿದರು. ‘ನ್ಯೂಯಾರ್ಕ್ ಟೈಮ್ಸ್’ಗೂ ಹಿಡಿಸಿತು, ಸತ್ತವನೇ ಕಥೆ ಹೇಳುವ ತಂತ್ರವೊಂದನ್ನು ಬಿಟ್ಟು. ‘ನ್ಯೂಯಾರ್ಕರ್’ ಮತ್ತೆ ಮೂಗು ಮುರಿಯಿತು. ಆ ಪತ್ರಿಕೆಗೆ ಇಂಥ ಚಿತ್ರಗಳು ಆಗಿಬರುತ್ತಿರಲಿಲ್ಲವೇನೋ. 11 ಆಸ್ಕರ್ ನಾಮನಿರ್ದೇಶನಗಳಲ್ಲಿ ದಕ್ಕಿದ್ದು 3.

ಗ್ಲೋರಿಯಾ ಸ್ವಾನ್ಸನ್ ಅಭಿನಯ ಅತಿಯಾಯಿತು ಎನ್ನುವವರು ಈಗಲೂ ಇದ್ದಾರೆ. ಮೂಕಿಚಿತ್ರದ ತಾರೆಯೊಬ್ಬಳು ಮನೆಯೊಳಗೂ ಕ್ಯಾಮೆರಾ ಇದೆಯೆಂದೇ ಬದುಕುತ್ತಿದ್ದಾಳೆ. ಅವಳು ತಣ್ಣಗೆ ಮಾತಾಡಿದ್ದರೆ ಪಾತ್ರವೇ ಸುಳ್ಳಾಗುತ್ತಿತ್ತು. ಪಾತ್ರದಂತೆ ಸ್ವಾನ್ಸನ್ ಬಾಗಿಲು ಹಾಕಿಕೊಂಡು ಕೂತವರಲ್ಲ. ಚಿತ್ರ ಬರುವ ಮೊದಲೇ, 1948ರಲ್ಲಿ, ಟಿವಿ ಕಾರ್ಯಕ್ರಮ ನಡೆಸುತ್ತಿದ್ದರು. ಇನ್ನು ಚಿತ್ರದಲ್ಲಿ ಆ ತಾರೆಯ ಮನೆಯ ಇಸ್ಪೀಟ್ ಮೇಜಿನ ಸುತ್ತ ಕೂತ ಹಳಬರಲ್ಲಿ ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನನ್ನು ಗಮನಿಸಿ. ಇಡೀ ಜಗತ್ತನ್ನು ನಗಿಸಿದವನಿಗೆ ಇಲ್ಲಿರುವ ಮಾತು ‘ಪಾಸ್’, ಅಷ್ಟೇ. ಅಲ್ಲಿ ಯಾರೂ ಅತಿಯಾಗಿ ನಟಿಸುತ್ತಿಲ್ಲ.

ಪ್ರಶ್ನೆ: ನಮ್ಮಲ್ಲಿ ಅಂಥ ಚಿತ್ರ ಬಂದಿಲ್ಲವೇ ಸಾರ್?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮೂರಿನವರೇ ಕ್ಯಾಮೆರಾ ಹಿಡಿದಿದ್ದಾರಲ್ಲ! ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 1959ರಲ್ಲಿ ಮಾಡಿದ ‘ಕಾಗಜ್ ಕೇ ಫೂಲ್’, ಛಾಯಾಗ್ರಹಣ ವಿ.ಕೆ. ಮೂರ್ತಿ. ಅಲ್ಲಿ ಮಂಕಾಗುವುದು ತಾರೆಯಲ್ಲ, ನಿರ್ದೇಶಕ. ಚಿತ್ರ ಸೋತಿತು. ಆಮೇಲೆ ಯಾವ ಚಿತ್ರಕ್ಕೂ ಗುರುದತ್ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಸ್ಟುಡಿಯೋದೊಳಗೆ ಓರೆಯಾಗಿ ಇಳಿಯುವ ಬೆಳಕಿನ ಕೋಲಿಗಾಗಿಯಾದರೂ ನೋಡಿ. ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ.