ಕಂಪ್ಯೂಟರ್ ಪ್ರಶ್ನೋತ್ತರ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಪ್ರಶ್ನೆ: ಮೇಡಂ, ನಾನು ಪದವಿ ವಿದ್ಯಾರ್ಥಿನಿ. ಕೋಡಿಂಗ್, ಆಗೀಗ ಒಂದಿಷ್ಟು ವಿಡಿಯೊ ಎಡಿಟಿಂಗ್, ಬಿಡುವಾದಾಗ ಗೇಮ್, ಇಷ್ಟಕ್ಕೆ ಡೆಸ್ಕ್‌ಟಾಪ್ ಜೋಡಿಸಿಕೊಳ್ಳಬೇಕು ಎಂದಿದ್ದೇನೆ. ಗೆಳತಿಯ ಅಣ್ಣ ಪಟ್ಟಿ ಮಾಡಿಕೊಟ್ಟಿದ್ದಾರೆ: ಇಂಟೆಲ್ ಐ5-12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, 16 ಜಿಬಿಯ ಒಂದು ಡಿಡಿಆರ್4 ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 500 ವಾಟ್ ಎಸ್‌ಎಂಪಿಎಸ್ ಜೊತೆಗೇ ಬರುವ ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ತಗೊಂಡರಾಯಿತು ಎನ್ನುತ್ತಾರೆ. ಬಜೆಟ್ ಬಹಳ ಬಿಗಿ. ಈ ಪಟ್ಟಿ ಸರಿ ಇದೆಯೇ?

ಉತ್ತರ: ದುಡ್ಡು ಕೊಡುವ ಮೊದಲೇ ಬರೆದಿರಿ, ಒಳ್ಳೆಯದಾಯಿತು. ಈ ಪಟ್ಟಿಯಂತೆ ಎಲ್ಲ ತಂದು ಜೋಡಿಸಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಮಾನಿಟರ್ ಮೇಲೆ ಮಾತ್ರ ಏನೂ ಬರುವುದಿಲ್ಲ. ಕಾರಣ 12400ರ ಕೊನೆಯಲ್ಲಿರುವ ಆ ಎಫ್. ಇಂಟೆಲ್ ಪ್ರೊಸೆಸರಿನ ಹೆಸರಲ್ಲಿ ಎಫ್ ಇದ್ದರೆ ಅದರ ಒಳಗಿನ ಗ್ರಾಫಿಕ್ಸ್ ಬಳಕೆಗೆ ಸಿಗದು. ಬೋರ್ಡಿನ ಹಿಂಭಾಗದಲ್ಲಿ ಎಚ್‌ಡಿಎಂಐ ಪೋರ್ಟ್ ಇರುತ್ತದೆ, ಕೇಬಲ್ಲೂ ಕೂರುತ್ತದೆ, ಚಿತ್ರ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇವತ್ತೇ ಕೊಳ್ಳುವವರಿಗೆ 12400ಎಫ್ ಒಳ್ಳೆಯ ಉಳಿತಾಯ. ನಿಮಗಲ್ಲ.

ನಿಮಗೆ ಎರಡು ದಾರಿಗಳಿವೆ. ಎಫ್ ಇಲ್ಲದ 12400 ಒಂದು, ಎಎಂಡಿಯ ರೈಜೆನ್ 5 5600ಜಿ ಇನ್ನೊಂದು. ಎರಡರಲ್ಲೂ 6 ಕೋರ್, 12 ಥ್ರೆಡ್. ಕಾರ್ಡ್ ಇಲ್ಲದೆ ಗೇಮ್ ಆಡುವುದಾದರೆ 5600ಜಿಯ ಗ್ರಾಫಿಕ್ಸ್ ಸ್ಪಷ್ಟವಾಗಿ ಮುಂದಿದೆ. ಎಡಿಟಿಂಗ್ ವಿಷಯಕ್ಕೆ ಬಂದರೆ 12400ರಲ್ಲಿರುವ ಕ್ವಿಕ್ ಸಿಂಕ್, ಅಂದರೆ ವಿಡಿಯೊ ಕೆಲಸವನ್ನು ಬೇಗ ಮುಗಿಸಿಕೊಡುವ ಒಳಗಿನ ಭಾಗ, ತುಂಬ ಉಪಕಾರಿ. ಫೋನಿನಲ್ಲಿ ತೆಗೆದ ಎಚ್.264, ಎಚ್.265 ಮಾದರಿಯ ವಿಡಿಯೊಗಳನ್ನು ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಎಳೆದಾಡುವಾಗ ಅದರ ಬೆಲೆ ಗೊತ್ತಾಗುತ್ತದೆ. ಇನ್ನೊಂದು ವಿಚಾರ, ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐಇ ಸಂಪರ್ಕದಲ್ಲಿ 5600ಜಿ ಹಳೆಯ, ನಿಧಾನದ 3.0 ಆವೃತ್ತಿಗೇ ನಿಲ್ಲುತ್ತದೆ. ಮುಂದಿನ ವರ್ಷ ಕಾರ್ಡ್ ಹಾಕುವುದು ಖಚಿತ ಎನ್ನುವುದಾದರೆ 12400 ತಗೊಳ್ಳಿ. ಕಾರ್ಡ್ ಮಾತು ಬರೀ ಆಸೆಯಾದರೆ, ಗೇಮೂ ಬೇಕು ಎನ್ನುವುದಾದರೆ 5600ಜಿ. ನಿಮ್ಮ ಪತ್ರ ಓದಿದರೆ ನನಗೆ 12400 ಸರಿ ಎನಿಸುತ್ತದೆ.

ಈಗ ಎಸ್‌ಎಂಪಿಎಸ್, ಅಂದರೆ ಎಲ್ಲ ಬಿಡಿಭಾಗಗಳಿಗೂ ಕರೆಂಟ್ ಒದಗಿಸುವ ಡಬ್ಬಿ. ಕ್ಯಾಬಿನೆಟ್ ಜೊತೆ ಸಿಗುವ ಈ ಡಬ್ಬಿಯನ್ನು ಹೊರಗೆ ತೆಗೆದು, ಅದರ ಮೈಮೇಲೆ ಅಂಟಿಸಿರುವ ಚೀಟಿ ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ದೊಡ್ಡ ಅಕ್ಷರದಲ್ಲಿ 500 ಎಂದಿರುತ್ತದೆ. ಅದನ್ನು ಬಿಟ್ಟು ಕೆಳಗಿನ ಕೋಷ್ಟಕದಲ್ಲಿ +12ವಿ ಎಂಬ ಸಾಲು ಹುಡುಕಿ. ಅಲ್ಲಿ 18 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 216 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್ ಸಾಲಿನಿಂದಲೇ, ಹಾಗಾಗಿ ನಿಮ್ಮ ಪಾಲಿಗೆ ಅದು 216 ವಾಟಿನ ಡಬ್ಬಿಯೇ. 12400 ಪೂರ್ತಿ ಓಡುವಾಗ 117 ವಾಟ್‌ವರೆಗೆ ಎಳೆಯಬಲ್ಲದು. ಮುಂದಿನ ವರ್ಷ ರೇಡಿಯಾನ್ ಆರ್‌ಎಕ್ಸ್ 6600ರಂಥ ಕಾರ್ಡ್ ಹಾಕಿದರೆ ಅದಕ್ಕೆ 132 ವಾಟ್. ಇಬ್ಬರಿಗೇ 249 ಆಯಿತು. ಫ್ಯಾನ್, ಡಿಸ್ಕ್, ಬೋರ್ಡ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಸಾಚಾ 450 ವಾಟಿನದರಲ್ಲಿ ಅದೇ ಸಾಲಿನಲ್ಲಿ 36, 37 ಆಂಪಿಯರ್ ಆಸುಪಾಸು ಇರುತ್ತದೆ. ಅಂಥದ್ದನ್ನೇ ಕೊಳ್ಳಿ, ಬೇರೆಯಾಗಿ ಕೊಳ್ಳಿ.

80 ಪ್ಲಸ್ ಬ್ರಾಂಜ್ ಮುದ್ರೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎನ್ನುವುದನ್ನಷ್ಟೇ ಅದು ಹೇಳುತ್ತದೆ. ವೋಲ್ಟೇಜ್ ಏರುಪೇರಾದಾಗ ಡಬ್ಬಿ ತಾನಾಗಿ ಬಂದ್ ಆಗುತ್ತದೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಓವರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆ ಎಂದು ವಿವರದಲ್ಲಿ ಬರೆದಿರಬೇಕು, ವಾರಂಟಿ 5 ವರ್ಷದ್ದಾದರೆ ಇನ್ನೂ ಒಳ್ಳೆಯದು. ಕಳಪೆ ಎಸ್‌ಎಂಪಿಎಸ್ ಕೆಡುವಾಗ ಒಂದೇ ಕೆಡುವುದಿಲ್ಲ, ಬೋರ್ಡನ್ನೂ ಡಿಸ್ಕನ್ನೂ ಎಳೆದುಕೊಂಡು ಹೋಗಬಹುದು. ಬಿಗಿ ಬಜೆಟ್ ಇರುವವರಿಗೇ ಈ ಪೆಟ್ಟು ಜೋರಾಗಿ ಬೀಳುವುದು, ಅದಕ್ಕೇ ಇಷ್ಟು ಉದ್ದ ಬರೆದೆ.

ರ‍್ಯಾಮ್ 16 ಜಿಬಿ ಸಾಕು, ಆದರೆ ಒಂದೇ ಕಡ್ಡಿ ಬೇಡ. 8 ಜಿಬಿಯ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಎರಡು ಕಡ್ಡಿಯಿಂದ ಎರಡು ಚಾನೆಲ್ (ಮಾಹಿತಿ ಹರಿಯುವ ದಾರಿ) ಸಿಕ್ಕರೆ ಗೇಮಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 12400ಕ್ಕೆ ಹೊಂದುವ ಎಚ್610 ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್, ಎರಡೂ ತುಂಬಿಹೋಗುತ್ತವೆ. ಮುಂದೆ 32 ಜಿಬಿ ಬೇಕಾಗಬಹುದು ಎನಿಸಿದರೆ ನಾಲ್ಕು ಸ್ಲಾಟಿನ ಬಿ660 ಅಥವಾ ಬಿ760 ನೋಡಿ. ಯಾವುದೇ ತಗೊಂಡರೂ ಅದು ಡಿಡಿಆರ್4 ಬೋರ್ಡೇ ಎಂದು ಖಾತ್ರಿ ಮಾಡಿಕೊಳ್ಳಿ. ಈ ಚಿಪ್‌ಸೆಟ್‌ಗಳಲ್ಲಿ ಡಿಡಿಆರ್5 ಬೋರ್ಡುಗಳೂ ಇವೆ, ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ.

ಎಸ್‌ಎಸ್‌ಡಿ ಎನ್‌ವಿಎಂಇ, ಅಂದರೆ ಸಾಟಾಗಿಂತ ವೇಗದ ಬಗೆಯದು, ಆಗಿರಲಿ. 512 ಜಿಬಿ ಈಗ ಸಾಕು, ಆಮೇಲೆ ಸೇರಿಸುವುದು ಸುಲಭ. ಕ್ಯಾಬಿನೆಟ್ ಮುಂಭಾಗ ಗಾಜಿನ ಬದಲು ಜಾಲರಿಯದಾಗಿರಲಿ, ಬಣ್ಣದ ದೀಪ ಬೇಡವೇ ಬೇಡ. ಪ್ರೊಸೆಸರ್ ಡಬ್ಬದಲ್ಲೇ ಬರುವ ಕೂಲರ್ ಸಾಕು.

ಪ್ರಶ್ನೆ: ಮನೆಯಲ್ಲಿ ನಾಲ್ಕನೇ ಪೀಳಿಗೆಯ ಐ3 ಕಂಪ್ಯೂಟರ್ ಇದೆ. ಆನ್ ಆಗಲು ಐದು ನಿಮಿಷ ಬೇಕು. ನಾನು ನಿವೃತ್ತ, ಇ-ಮೇಲ್, ಪತ್ರ ಟೈಪ್ ಮಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹೊಸದು ಜೋಡಿಸಬೇಕೆ?

ಉತ್ತರ: ಬೇಡ ಸರ್. ಹಾರ್ಡ್ ಡಿಸ್ಕ್ ಜಾಗದಲ್ಲಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ತೊಂದರೆ ಇರುವುದು ವಿಂಡೋಸ್ ವಿಷಯದಲ್ಲಿ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೇ ಪೀಳಿಗೆಯಾದರೂ ಬೇಕು. ನಿಮ್ಮ ಕೆಲಸಕ್ಕೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಚೆನ್ನಾಗಿ ಹೊಂದುತ್ತದೆ, ಅದರಲ್ಲಿ ಕನ್ನಡ ಟೈಪಿಂಗ್ ಕೂಡ ಆಗುತ್ತದೆ. ಹಳೆಯ ಡಿಸ್ಕಿನಲ್ಲಿರುವ ಫೋಟೊ, ಪತ್ರಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಸಿ, ಆಮೇಲೆ ಕೈಹಾಕಲಿ.

ಪ್ರಶ್ನೆ: ಬಿಡಿಭಾಗ ಎಲ್ಲ ಬಂದಿವೆ, ನಾನೇ ಜೋಡಿಸಬಹುದೇ?

ಉತ್ತರ: ಖಂಡಿತ. ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸುವ ಮೊದಲು ಬೋರ್ಡ್ ಕೂರುವ ಹಿತ್ತಾಳೆ ಬಣ್ಣದ ಪುಟ್ಟ ಕಂಬಗಳು (ಸ್ಟ್ಯಾಂಡ್‌ಆಫ್‌ಗಳು) ಬೋರ್ಡಿನ ತೂತುಗಳ ನೇರಕ್ಕೇ ಇವೆಯೇ ನೋಡಿ, ಹೆಚ್ಚುವರಿ ಒಂದಿದ್ದರೂ ಬಿಚ್ಚಿ. ಇಲ್ಲದಿದ್ದರೆ ಬೋರ್ಡಿನ ಬೆನ್ನು ಶಾರ್ಟ್ ಆಗಬಹುದು. ಮೊದಲ ಸಲ ಆನ್ ಮಾಡಿದಾಗ ಚಿತ್ರ ಬಾರದಿದ್ದರೆ ಗಾಬರಿ ಬೇಡ. ಪ್ರೊಸೆಸರ್ ಪಕ್ಕದ 8 ಪಿನ್ ಕೇಬಲ್ ಕೂತಿದೆಯೇ, ರ‍್ಯಾಮ್ ಕಟ್ ಎಂದು ಸದ್ದು ಮಾಡಿ ಕೂತಿದೆಯೇ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹಾಕಿದ್ದೀರಾ, ಇಷ್ಟು ನೋಡಿ. ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಕಾಯಬೇಕು, ನಡುವೆ ಆಫ್ ಮಾಡಬೇಡಿ. ಚಿತ್ರ ಬಂದ ಮೇಲೆ ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ರ‍್ಯಾಮ್ ವೇಗದ ಸೆಟ್ಟಿಂಗ್ ಆದ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ, ಇಲ್ಲವಾದರೆ ರ‍್ಯಾಮ್ ತನ್ನ ಮೇಲೆ ಬರೆದಿರುವ ವೇಗಕ್ಕಿಂತ ನಿಧಾನವಾಗಿಯೇ ಓಡುತ್ತಿರಬಹುದು.