ಕಾರು ನಮ್ಮದು, ಫೋಟೋ ಯಾರದು?

ಸರ್, ನಿಮ್ಮ ಪ್ರಶ್ನೆ ಓದಿದೆ. ಪತ್ರಿಕೆಯವರು ನಿಮ್ಮ ಹಳೇ ಕಾರಿನ ಬಗ್ಗೆ ನಾಲ್ಕು ಪುಟ ಹಾಕುತ್ತೇವೆ, ಒಂದು ದಿನ ಗಾಡಿ ಕೊಡಿ ಅಂದಿದ್ದಾರೆ. ಸಹಿ ಹಾಕೋಕೆ ಒಂದು ಹಾಳೆಯನ್ನೂ ಕಳಿಸಿದ್ದಾರೆ. "ಕಾರು ನನ್ನದು ಅಂದಮೇಲೆ ಫೋಟೋನೂ ನನ್ನದೇ ಅಲ್ವಾ?" ಅಂತ ನೀವು ಕೇಳಿದ್ದೀರಿ.

ಅಲ್ಲ ಸರ್. ನನಗೂ ಇದು ಮೊದಲು ಗೊತ್ತಿರಲಿಲ್ಲ. ಸಾಮಾನ್ಯವಾಗಿ ಫೋಟೋದ ಕಾಪಿರೈಟ್ ಕ್ಯಾಮೆರಾ ಹಿಡಿದವರದ್ದು. ಅವರು ಸಂಬಳಕ್ಕೆ ಕೆಲಸ ಮಾಡುವವರಾದರೆ ಎಷ್ಟೋ ಕಡೆ ಕೆಲಸ ಕೊಟ್ಟವರದ್ದು. ದುಡ್ಡು ಕೊಟ್ಟು ತೆಗೆಸಿದರೆ ಯಾರದ್ದು ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಭಾರತದ 1957ರ ಕಾಯ್ದೆಯಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಮಾಲೀಕರು. ಬ್ರಿಟನ್‌ನಲ್ಲಿ 1989ರ ಆಗಸ್ಟ್ 1ರಿಂದ ಈಚೆಗೆ ತೆಗೆದಿದ್ದಾದರೆ, ದುಡ್ಡು ಯಾರೇ ಕೊಟ್ಟಿರಲಿ, ಹಕ್ಕು ಫೋಟೋಗ್ರಾಫರ್‌ದು. ಆದರೆ ನಿಮ್ಮ ವಿಷಯದಲ್ಲಿ ದುಡ್ಡು ಕೊಡುತ್ತಿರುವವರು ನೀವಲ್ಲ, ಪತ್ರಿಕೆಯವರು. ಹಾಗಾಗಿ ಇವುಗಳಲ್ಲಿ ಯಾವ ಕಾನೂನು ನೋಡಿದರೂ ಕಾರಿನ ಯಜಮಾನನಿಗೆ ಅಲ್ಲಿ ಜಾಗ ಇಲ್ಲ. ಆ ಹಕ್ಕು ಬಹಳಷ್ಟು ದೇಶಗಳಲ್ಲಿ ಫೋಟೋ ತೆಗೆದವರು ತೀರಿಕೊಂಡ ಮೇಲೂ 50ರಿಂದ 70 ವರ್ಷ ಇರುತ್ತದೆ. ಅಷ್ಟರೊಳಗೆ ನಮ್ಮ ಕಾರು ಎಷ್ಟು ಕೈ ಬದಲಾಗಿರುತ್ತೋ!

ಹಾಗಾದರೆ ನಿಮ್ಮ ಕೈಲಿ ಇರೋದೇನು? ಕಾರಿನ ಕೀ. ಅಷ್ಟೇ. ರಸ್ತೆಯಲ್ಲೋ ಪ್ರದರ್ಶನದಲ್ಲೋ ನಿಂತ ಗಾಡಿಯನ್ನು ಯಾರು ಬೇಕಾದರೂ ಕ್ಲಿಕ್ ಮಾಡಬಹುದು, ಅದನ್ನು ತಡೆಯೋದು ಕಷ್ಟ. ಆದರೆ ಬಾನೆಟ್ ತೆಗೆದು, ಬಾಗಿಲು ತೆಗೆದು, ಬೆಳಗಿನ ಜಾವ ಒಳ್ಳೆ ಜಾಗಕ್ಕೆ ಗಾಡಿ ತಂದು ನಿಲ್ಲಿಸಬೇಕು ಅಂದರೆ ನೀವು ಬೇಕೇ ಬೇಕು. ನಿಮ್ಮ ಷರತ್ತು ನಡೆಯೋದು ಆ ಕೀ ಕೊಡುವ ಮೊದಲು ಮಾತ್ರ. ಕೊಟ್ಟ ಮೇಲೆ ನೀವು ಬರೀ ವಿನಂತಿ ಮಾಡಬಹುದು.

ನನ್ನ ಕಥೆ ಕೇಳಿ. ನನ್ನದು ಮಾರಿಸ್ ಮೈನರ್, ಹಳೇ ಬ್ರಿಟಿಷ್ ಕಾರು. ಪತ್ರಿಕೆಯವರು ಬಂದರು, ಇಡೀ ದಿನ ತೆಗೆದರು, ಸಂಜೆ ಬಾನೆಟ್ ಮೇಲೇ ಒಂದು ಹಾಳೆ ಇಟ್ಟು ಸಹಿ ಮಾಡಿಸಿಕೊಂಡರು. ಖುಷಿಯಲ್ಲಿದ್ದೆ, ಓದಲಿಲ್ಲ. ಲೇಖನ ಚೆನ್ನಾಗೇ ಬಂತು. ಎರಡು ವರ್ಷದ ಮೇಲೆ ಸ್ನೇಹಿತರೊಬ್ಬರು ಒಂದು ಕ್ಯಾಲೆಂಡರ್ ಫೋಟೋ ಕಳಿಸಿ "ಇದು ನಿಮ್ಮದೇ ಅಲ್ವಾ?" ಅಂದರು. ನನ್ನದೇ. ಯಾವುದೋ ಪಾಲಿಶ್ ಕಂಪನಿಯ ಜಾಹೀರಾತು. ಆ ಪಾಲಿಶ್ ನಾನು ಜನ್ಮದಲ್ಲಿ ಮುಟ್ಟಿಲ್ಲ! ಫೋನ್ ಮಾಡಿದರೆ "ನೀವೇ ಸಹಿ ಮಾಡಿದ್ದೀರಲ್ಲ" ಅಂದರು. ಹಾಳೆ ತೆಗೆದು ಓದಿದರೆ ಹೌದು, "ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಯಾವುದೇ ಉದ್ದೇಶಕ್ಕೆ, ಶಾಶ್ವತವಾಗಿ" ಅಂತ ಇತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅಲ್ಲಿಗೆ ಮುಗಿಯಲಿಲ್ಲ. ಒಮ್ಮೆ ಗಾಡಿ ಮಾರೋ ಯೋಚನೆ ಬಂತು. ಪತ್ರಿಕೆಯಲ್ಲಿ ಬಂದ ಚಂದದ ಫೋಟೋಗಳನ್ನೇ ಸ್ಕ್ಯಾನ್ ಮಾಡಿ ಮಾರಾಟದ ಜಾಹೀರಾತಿಗೆ ಹಾಕಿದೆ. ಮೂರೇ ದಿನಕ್ಕೆ ಫೋಟೋಗ್ರಾಫರ್ ಮೇಲ್ ಬಂತು, ತೆಗೆಯಿರಿ ಅಂತ. ಸಿಟ್ಟು ಬಂತು ನಿಜ. ಆದರೆ ನ್ಯಾಯ ಅವರ ಕಡೆಗೇ ಇತ್ತು. ತೆಗೆದೆ. (ಗಾಡಿ ಮಾರಲಿಲ್ಲ, ಮನೆಯವರು ಒಪ್ಪಲಿಲ್ಲ. ಅದು ಬೇರೆ ವಿಷಯ.)

ಈಗ ನಿಮ್ಮ ಹಾಳೆಗೆ ಬರೋಣ. ಅದು ಬಹುಶಃ ಆಸ್ತಿ ಮಾಲೀಕರ ಒಪ್ಪಿಗೆ ಪತ್ರ, ಪ್ರಾಪರ್ಟಿ ರಿಲೀಸ್ ಅನ್ನುತ್ತಾರೆ. ಬರೀ ಲೇಖನಕ್ಕಾದರೆ ಸಾಮಾನ್ಯವಾಗಿ ಇದು ಬೇಕಾಗುವುದೇ ಇಲ್ಲ. ಜಾಹೀರಾತಿಗೆ ಬಳಸೋಕೆ, ಫೋಟೋ ಮಾರುವ ಏಜೆನ್ಸಿಗಳಿಗೆ ಕೊಡೋಕೆ ಬೇಕಾಗುತ್ತದೆ. ಗುರುತು ಹಿಡಿಯಬಹುದಾದ ಖಾಸಗಿ ಆಸ್ತಿಯ ಫೋಟೋ ಇದ್ದರೆ ಅಂಥ ಏಜೆನ್ಸಿಗಳು ಮಾಲೀಕರ ಸಹಿ ಕೇಳುತ್ತವೆ. ಅಂದರೆ ಲೇಖನ ಮುಗಿದ ಮೇಲೂ ಆ ಫೋಟೋಗೆ ಕೆಲಸ ಇದೆ ಅಂತ ಅರ್ಥ. ಹಾಗಂತ ಅವರನ್ನು ಕಳ್ಳರ ಥರ ನೋಡಬೇಡಿ. ಎಲ್ಲರಿಗೂ ಒಂದೇ ಹಾಳೆ ಕಳಿಸುವ ಅಭ್ಯಾಸ ಅಷ್ಟೇ ಇರಬಹುದು. ತಿದ್ದಿ ಕಳಿಸಿದರೆ ಒಪ್ಪುವವರೂ ಇದ್ದಾರೆ.

"ಯಾವುದೇ ಉದ್ದೇಶಕ್ಕೆ" ಅಂತ ನಿಮ್ಮ ಹಾಳೆಯಲ್ಲೂ ಇದ್ದರೆ ಹೊಡೆದುಹಾಕಿ. ಅದರ ಜಾಗದಲ್ಲಿ ಈ ಲೇಖನ, ಅದರ ವೆಬ್ ಪುಟ, ಈ ಸಂಚಿಕೆಯ ಪ್ರಚಾರ, ಇಷ್ಟಕ್ಕೆ ಮಾತ್ರ ಅಂತ ಬರೆಯಿರಿ. ಕ್ಯಾಲೆಂಡರ್, ಪೋಸ್ಟರ್, ಬೇರೆ ಕಂಪನಿಯ ಜಾಹೀರಾತು, ಏಜೆನ್ಸಿಗೆ ಮಾರಾಟ, ಎಐ ತರಬೇತಿ, ಇವಕ್ಕೆಲ್ಲ ಮತ್ತೆ ಬರಹದಲ್ಲಿ ಕೇಳಬೇಕು. ಲೇಖನಕ್ಕೆ ದುಡ್ಡು ಕೇಳೋಕೆ ಹೋಗಬೇಡಿ, ಪತ್ರಿಕೆಗಳು ಕಾರಿನ ಮಾಲೀಕರಿಗೆ ಸಾಮಾನ್ಯವಾಗಿ ಕೊಡೋದಿಲ್ಲ. ಪೆಟ್ರೋಲ್ ಖರ್ಚು, ಒಂದಷ್ಟು ಪ್ರತಿ ಕೇಳಿದರೆ ಸಾಕು. ಜಾಹೀರಾತಿಗೆ ಬೇಕು ಅಂದರೆ ಮಾತ್ರ ದುಡ್ಡಿನ ಮಾತು ಧೈರ್ಯವಾಗಿ ಎತ್ತಿ, ಅಲ್ಲಿ ಎಲ್ಲರೂ ದುಡ್ಡು ಮಾಡುತ್ತಿರುತ್ತಾರೆ.

ದುಡ್ಡಿಗಿಂತ ಜಾಸ್ತಿ ಬೆಲೆಯದ್ದು ಫೋಟೋ ಬಳಸೋ ಅನುಮತಿ. ಹತ್ತು ಫೋಟೋ, ಪೂರ್ತಿ ಸೈಜಿನಲ್ಲಿ ಕೇಳಿ. A4 ಪುಟಕ್ಕೆ ಚೆನ್ನಾಗಿ ಪ್ರಿಂಟ್ ಹಾಕೋಕೆ 2480 × 3508 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಕುಗ್ಗಿ ಹೋಗುತ್ತೆ, ಡಾಕ್ಯುಮೆಂಟ್ ಆಗಿ ಅಥವಾ ಲಿಂಕ್ ಮೂಲಕ ಕಳಿಸೋಕೆ ಹೇಳಿ. ಏನೇನಕ್ಕೆ ಬಳಸಬಹುದು ಅಂತಲೂ ಬಿಡಿಸಿ ಬರೆಸಿ: ಗೋಡೆಗೆ, ಕ್ಲಬ್ಬಿಗೆ, ಗಾಡಿಯ ಇತಿಹಾಸದ ಫೈಲಿಗೆ, ಮತ್ತೆ ಮುಖ್ಯವಾಗಿ ಮುಂದೆ ಗಾಡಿ ಮಾರುವಾಗ. ಹಾಕುವಾಗ ಫೋಟೋಗ್ರಾಫರ್ ಹೆಸರು ಹಾಕುತ್ತೇನೆ ಅಂತ ನೀವಾಗೇ ಹೇಳಿಬಿಡಿ. ಅವರಿಗೆ ಅದು ತುಂಬಾ ಮುಖ್ಯ.

ಇಷ್ಟು ತಿಂಗಳು ಬೇರೆ ಪತ್ರಿಕೆಗೆ ಗಾಡಿ ಕೊಡಬಾರದು ಅಂತ ಪತ್ರಿಕೆಯವರು ಕೇಳಬಹುದು. ತಪ್ಪಲ್ಲ, ಆದರೆ ಕೊನೆಯ ತಾರೀಖು ಇರಬೇಕು. ಅಚ್ಚಿಗೆ ಹೋಗುವ ಮೊದಲು ಲೇಖನ ತೋರಿಸಿ ಅಂದರೆ ಬಹಳ ಜನ ತೋರಿಸೋದಿಲ್ಲ. ಸುಮ್ನೆ ಜಗಳ ಬೇಡ. ಮಾಡೆಲ್ ವರ್ಷ, ಎಂಜಿನ್, ಯಾರ್ಯಾರ ಕೈಲಿ ಇತ್ತು, ಏನೇನು ಬದಲಾಗಿದೆ ಅಂತ ಒಂದು ಹಾಳೆಯಲ್ಲಿ ನೀವೇ ಬರೆದುಕೊಡಿ. ಅವರೂ ಖುಷಿಯಿಂದ ತಗೊಳ್ತಾರೆ.

ಫೋಟೋದಲ್ಲಿ ಏನು ಕಾಣಬಾರದು ಅನ್ನೋದನ್ನೂ ಮೊದಲೇ ಹೇಳಿ. ಚಾಸಿ ನಂಬರಿನ ಪ್ಲೇಟ್ ಮುಚ್ಚಿಸಿ, ಆ ನಂಬರ್ ಕದ್ದು ಇನ್ನೊಂದು ಗಾಡಿಗೆ ಹಾಕೋ ಜನ ಇದ್ದಾರೆ. ನಂಬರ್ ಪ್ಲೇಟ್ ಅಳಿಸಬೇಕೋ ಬೇಡವೋ ನಿಮ್ಮಿಷ್ಟ. ನಾನಂತೂ ಅಳಿಸಿಸುತ್ತೇನೆ. ಮನೆ ಗೇಟಿನ ಮುಂದೆ ನಿಲ್ಲಿಸಿ ತೆಗೆಸಲೇಬೇಡಿ.

ಇನ್ನು ಓಡಿಸೋ ವಿಷಯ. ಸ್ಟೀರಿಂಗ್ ಯಾರ ಕೈಗೂ ಕೊಡಬೇಡಿ. ಇನ್ಶೂರೆನ್ಸ್‌ನವರಿಗೆ ಮೊದಲೇ ಮೇಲ್ ಹಾಕಿ, ಇಂಥ ಕೆಲಸಕ್ಕೆ ಗಾಡಿ ಹೋಗುತ್ತಿದೆ, ಕವರ್ ಇರುತ್ತಾ ಅಂತ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಓಡುವ ಗಾಡಿಯ ಫೋಟೋಗೆ ವೇಗ ಬೇಕು ಅಂತ ಅಂದುಕೊಳ್ಳುತ್ತೇವೆ, ಬೇಕಿಲ್ಲ. ಶಟರ್ 1/60 ಸೆಕೆಂಡ್ ಸುಮಾರಿಗೆ ಇಟ್ಟು ಪಕ್ಕದ ಗಾಡಿಯಿಂದ ತೆಗೆದರೆ 40 ಕಿಲೋಮೀಟರ್ ವೇಗದಲ್ಲೇ ರಸ್ತೆ, ಚಕ್ರ ಎಲ್ಲ ಓಡಿದ ಹಾಗೆ ಕಾಣುತ್ತೆ. ಇನ್ನೂ ಜೋರಾಗಿ ಬನ್ನಿ ಅಂದರೆ ಒಪ್ಪಬೇಡಿ. ಗಾಡಿಯ ಮೈಗೆ ಕ್ಯಾಮೆರಾ ಅಂಟಿಸುವ ಸಕ್ಷನ್ ಕಪ್‌ಗಳ ಬಗ್ಗೆಯೂ ಹುಷಾರು, ಹಳೇ ಪೇಂಟ್ ಪದರ ಎದ್ದು ಬರಬಹುದು. ಬಾನೆಟ್ ಮೇಲೆ ಯಾರನ್ನೂ ಕೂರಿಸಬೇಡಿ. ಜೀನ್ಸ್ ಪ್ಯಾಂಟಿನ ಗುಂಡಿ ಮಾಡಿದ ಗೀರು ನನ್ನ ಗಾಡಿ ಮೇಲೆ ಇನ್ನೂ ಇದೆ.

ಗಾಡಿ ರೆಡಿ ಮಾಡೋದು ನಿಮಗೆ ಹೇಳಿಕೊಡಬೇಕಿಲ್ಲ, ಆದರೂ ಒಂದೆರಡು ಮಾತು. ತೊಳೆಯೋದು ಹಿಂದಿನ ದಿನವೇ ಮುಗಿಸಿ. ಅವತ್ತೇ ತೊಳೆದರೆ ಬಾಗಿಲ ಸಂದಿಯಿಂದ ದಿನವಿಡೀ ನೀರು ಇಳಿಯುತ್ತೆ. ಟೈರಿಗೆ ಹೊಳೆಯುವ ಎಣ್ಣೆ ಬೇಡ, ಫೋಟೋದಲ್ಲಿ ಅಸಹ್ಯ. ಗಾಜು ಎಲ್ಲಾ ಮೇಲೆ ಇರಲಿ ಇಲ್ಲಾ ಎಲ್ಲಾ ಕೆಳಗೆ ಇರಲಿ. ಕಪ್ಪು ಅಥವಾ ಬೂದು ಬಟ್ಟೆ ಹಾಕ್ಕೊಂಡು ಹೋಗಿ: ನಾನು ಕೇಸರಿ ಟೀಶರ್ಟ್‌ನಲ್ಲಿ ನಿಂತಿದ್ದೆ, ಕ್ರೋಮ್ ಬಂಪರ್ ತುಂಬಾ ನಾನೇ! ಫೋಟೋಗ್ರಾಫರ್ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದಾಗ ಪಕ್ಕದ ಗಾಜಿನಲ್ಲಿ ಚುಕ್ಕಿ ಚುಕ್ಕಿ ಕಂಡರೆ ಗಾಬರಿಯಾಗಬೇಡಿ. ಅದು ಟೆಂಪರ್ಡ್ ಗಾಜಿನ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿನ ಗುಣ, ಕಲೆ ಅಲ್ಲ. ನಾನು ಅರ್ಧ ಗಂಟೆ ಉಜ್ಜಿದ್ದೆ. ಎಂಜಿನ್ ಐಡಲ್‌ನಲ್ಲಿ ಬಹಳ ಹೊತ್ತು ಬಿಡಬೇಡಿ, ಬಿಸಿ ಏರುತ್ತೆ. ಲೈಟ್ ಹಚ್ಚಿಟ್ಟು ತೆಗೆಯುತ್ತಾರೆ, ಆಮೇಲೆ ಬ್ಯಾಟರಿ ಇಳಿದು, ಡೈನಮೋದಿಂದ ಚಾರ್ಜ್ ಆಗುವ ಹಳೇ ಗಾಡಿಗೆ ತಳ್ಳೋ ಜನ ಬೇಕಾಗುತ್ತೆ. ಹಾಗಾಗಿ ಚಾರ್ಜ್ ಆದ ಬ್ಯಾಟರಿ ಒಂದು ಜೊತೆಗಿರಲಿ.

ಕೊನೆಗೆ, ಎಲ್ಲಕ್ಕಿಂತ ಜಾಸ್ತಿ ತಪ್ಪಾಗೋ ಜಾಗ. ಫೋಟೋಗ್ರಾಫರ್ ಪತ್ರಿಕೆಯ ನೌಕರರೋ, ಹೊರಗಿನವರೋ ಅಂತ ಕೇಳಿ. ಹೊರಗಿನವರಾದರೆ ಕಾಪಿರೈಟ್ ಅವರ ಹತ್ತಿರವೇ ಉಳಿದಿರಬಹುದು. ಆಗ ಸಂಪಾದಕರು ನಿಮಗೆ ಕೊಟ್ಟ ಮಾತು ಅವರನ್ನು ಕಟ್ಟಿಹಾಕೋದಿಲ್ಲ. ನನಗೆ ಮೇಲ್ ಹಾಕಿದವರೂ ಹೊರಗಿನವರೇ. ಅದಕ್ಕೆ ಇಬ್ಬರಿಗೂ ಒಂದೇ ಮೇಲ್ ಹಾಕಿ, ಹೀಗೆ: "ಈ ಲೇಖನಕ್ಕೆ, ಅದರ ವೆಬ್ ಪುಟಕ್ಕೆ, ಸಂಚಿಕೆಯ ಪ್ರಚಾರಕ್ಕೆ ಫೋಟೋ ಬಳಸಲು ನನ್ನ ಒಪ್ಪಿಗೆ ಇದೆ. ಬೇರೆ ಬಳಕೆಗೆ ಮೊದಲು ಬರಹದಲ್ಲಿ ಕೇಳಬೇಕು. ನನಗೆ ಹತ್ತು ಫೋಟೋ ಪೂರ್ತಿ ಸೈಜಿನಲ್ಲಿ ಕೊಡಬೇಕು. ಅವುಗಳನ್ನು ನನ್ನ ಸ್ವಂತಕ್ಕೂ, ಗಾಡಿ ಮಾರುವಾಗಲೂ ಫೋಟೋಗ್ರಾಫರ್ ಹೆಸರಿನೊಂದಿಗೆ ಬಳಸುತ್ತೇನೆ. ಚಾಸಿ ನಂಬರ್ ಕಾಣಬಾರದು. ಇಬ್ಬರೂ ಒಪ್ಪಿಗೆ ಅಂತ ಉತ್ತರ ಕಳಿಸಿ, ಆಮೇಲೆ ದಿನ ಗೊತ್ತು ಮಾಡೋಣ." ಇಬ್ಬರ ಉತ್ತರವೂ ಬರೋವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ ಸರ್.