ಒಂದು ಹನಿಯೂ ಹೊರಗೆ ಬರದ ಡ್ರಿಪ್ ಬೇಕಾ? ನನ್ನ ಪ್ರಕಾರ ಬೇಡ

ಮನೆಯೊಳಗೆ ಎಲ್‌ಇಡಿ ಲೈಟಿನ ಕೆಳಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಬ್ಯಾಗಿನಲ್ಲಿ ಟೊಮೆಟೊ, ದೊಣ್ಣೆ ಮೆಣಸಿನಕಾಯಿ. ಬ್ಯಾಗಿನಿಂದ ಒಂದು ಹನಿಯೂ ಆಚೆ ಬರಬಾರದು. ವಾರಗಟ್ಟಲೆ ಊರಿಗೆ ಹೋದರೂ ತಾನೇ ನಡೆಯಬೇಕು. ಯಾವ ಡ್ರಿಪ್ (ಹನಿ ನೀರಾವರಿ) ಕಿಟ್ ತಗೊಳ್ಳಲಿ? ಇಷ್ಟೇ ಅಲ್ವಾ ನೀವು ಕೇಳಿರೋದು? ಓದಿದಾಗ, ಇದನ್ನು ನಾನೇ ಯಾವಾಗಲೋ ಬರೆದಿದ್ದೆನೇನೋ ಅನ್ನಿಸಿತು.

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ನೆನಪಿರುತ್ತದೆ. ಟ್ಯಾಂಕರ್‌ನವರಿಗೆ ಫೋನ್ ಮಾಡಿದರೆ ನಾಳೆ, ನಾಡಿದ್ದು ಅನ್ನುತ್ತಿದ್ದರು. ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಕಾರು ತೊಳೆಯೋಕೆ, ಗಿಡಗಳಿಗೆ ಹಾಕೋಕೆ ಬಳಸಿದರೆ 5,000 ರೂಪಾಯಿ ದಂಡ ಅಂದರು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಬಾಲ್ಕನಿಯಿಂದ ನೀರು ಸೋರಿತು ಅಂತ ಫೋಟೋ ಹಾಕಿಕೊಂಡು ದಿನಾ ಜಗಳ. ಅಂಥ ಹೊತ್ತಿನಲ್ಲಿ ನಾನು ಖಾಲಿ ಬಿದ್ದಿದ್ದ ರೂಮಿನಲ್ಲಿ ಎಂಟು ಗ್ರೋ ಬ್ಯಾಗ್ ಇಟ್ಟಿದ್ದೆ. ಅಡುಗೆಮನೆಯ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಅದಕ್ಕೇ ಗೊಬ್ಬರ ಕಲಸಿ, ಡ್ರಿಪ್ಪಿನಲ್ಲಿ ಬಿಡುತ್ತಿದ್ದೆ. ಬ್ಯಾಗಿನ ತಳದಲ್ಲಿ ತೇವ ಕಂಡರೆ ಟೈಮರ್ ಇನ್ನೂ ಕಡಿಮೆ ಮಾಡುತ್ತಿದ್ದೆ. ತಳದ ತೂತಿನಿಂದ ಏನೂ ಬರದೇ ಇದ್ದರೆ ಲೆಕ್ಕ ಸರಿಯಾಯಿತು ಅಂತ ಖುಷಿ. ಬಂದವರಿಗೆಲ್ಲ ರೂಮಿನ ಬಾಗಿಲು ತೆಗೆದು ತೋರಿಸಿದ್ದೇ ತೋರಿಸಿದ್ದು.

ನನಗೆ ಹೊಡೆತ ಕೊಟ್ಟಿದ್ದು ಇದೊಂದೇ ತಪ್ಪು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ. ಪಂಪು, ಪೈಪು ಎಲ್ಲ ಆಮೇಲೆ.

ಗಿಡ ನೀರನ್ನು ಕುಡಿಯುತ್ತದೆ, ಆದರೆ ನೀರಿನಲ್ಲಿರುವ ಉಪ್ಪನ್ನೆಲ್ಲ ಕುಡಿಯುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಇರುತ್ತದೆ. ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ಅದೇ ಉಪ್ಪು ಇನ್ನೂ ದಟ್ಟವಾಗಿರುತ್ತದೆ. ಶುದ್ಧ ನೀರು ಈ ಕಡೆ ಬಂದಿದೆ ಅಂದಮೇಲೆ ಉಪ್ಪು ಆ ಕಡೆ ಹೋಗಿರಲೇಬೇಕಲ್ಲ. ನಮ್ಮ ಮನೆಯ ಆ ನೀರಿಗೆ ಗೊಬ್ಬರ ಹಾಕುವ ಮೊದಲೇ ಇಸಿ (ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅನ್ನುವ ಅಳತೆ, mS/cm ಲೆಕ್ಕದಲ್ಲಿ) 1.4 ಇತ್ತು. ಟೊಮೆಟೊ ಎಳೆಗಿಡಕ್ಕೆ ಗೊಬ್ಬರ ಸೇರಿಸಿ ಕೊಡಬೇಕಾದದ್ದೇ ಸುಮಾರು ಅಷ್ಟು! ಇದರ ಮೇಲೆ ನನ್ನ ಗೊಬ್ಬರ ಬೇರೆ. ದಿನಾ ಉಪ್ಪು ಒಳಗೆ ಹೋಗುತ್ತಿದೆ, ಆಚೆ ಹೋಗೋಕೆ ದಾರಿಯೇ ಇಲ್ಲ. ತೂತು ಇದೆ, ಆದರೆ ಅಲ್ಲಿಂದ ಏನೂ ಬರದ ಹಾಗೆ ನಾನೇ ನೋಡಿಕೊಳ್ಳುತ್ತಿದ್ದೆ.

ಮೊದಲು ಎಲೆಯ ಅಂಚು ಸುಟ್ಟ ಹಾಗಾಯಿತು. ಗೊಬ್ಬರ ಸಾಲದು ಅಂದುಕೊಂಡು ಜಾಸ್ತಿ ಹಾಕಿದೆ. ಆಮೇಲೆ ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿಯಿತು. ಕ್ಯಾಲ್ಸಿಯಂ ಕೊರತೆ ಅಂತ ಎಲ್ಲೋ ಓದಿದೆ. ಅದು ನಿಜವೇ. ಕ್ಯಾಲ್ಸಿಯಂ ನೈಟ್ರೇಟ್ ಇನ್ನೊಂದು ಚಮಚ ಸುರಿದೆ. ಅದೂ ಉಪ್ಪೇ ಅನ್ನೋದು ತಲೆಗೆ ಹೋಗಲಿಲ್ಲ. ಕೊನೆಗೆ, ಬ್ಯಾಗ್ ಒದ್ದೆಯಿದ್ದರೂ ಗಿಡ ಮಧ್ಯಾಹ್ನಕ್ಕೆ ಜೋತು ಬೀಳೋಕೆ ಶುರುವಾಯಿತು. ಕೈ ಹಾಕಿದರೆ ಕೋಕೋಪೀಟ್ ತಣ್ಣಗೆ, ಹಸಿಯಾಗಿದೆ. ಗಿಡ ಮಾತ್ರ ಬಾಯಾರಿದ ಹಾಗಿದೆ. ಉಪ್ಪಿನಕಾಯಿ ಭರಣಿಯಲ್ಲಿ ನಿಂಬೆಹಣ್ಣು ನೀರು ಬಿಡುತ್ತದಲ್ಲ, ಬೇರಿನ ಕತೆಯೂ ಅದೇ. ಸುತ್ತ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳೋಕೆ ಆಗುವುದಿಲ್ಲ.

ಆಗ ಅರಸೀಕೆರೆ ಕಡೆಯಿಂದ ನನ್ನ ಸೋದರಮಾವ ಬಂದಿದ್ದರು. ತೆಂಗು, ಅಡಿಕೆಗೆ ಡ್ರಿಪ್ ಹಾಕಿಸಿ ಅವರಿಗೆ ವರ್ಷಗಳಾಗಿವೆ. ಡ್ರಿಪ್ಪರ್ (ಪೈಪಿನ ತುದಿಯಲ್ಲಿ ಹನಿ ಬಿಡುವ ಮೂತಿ) ಪಕ್ಕದಲ್ಲಿ ಕೋಕೋಪೀಟ್ ಮೇಲೆ ಬೆಳ್ಳಗೆ ಉಂಗುರದ ಹಾಗೆ ಕಟ್ಟಿತ್ತು. ಅದನ್ನು ಉಗುರಿನಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡು, ತಕ್ಷಣ ಉಗುಳಿದರು.

"ಅಲ್ಲ ಕಣಯ್ಯ, ನಮ್ ತೋಟದಾಗೂ ಹಿಂಗೇ ಉಪ್ಪು ಕಟ್ತದೆ. ಮಳೆ ಬಂದ್ರೆ ಕೆಳಕ್ಕೆ ಇಳ್ಕೊಂಡೋಯ್ತದೆ. ನಿನ್ ರೂಮ್ನಾಗೆ ಮಳೆ ಎಲ್ಲಿಂದ ಬತ್ತದೆ?"

ಇಷ್ಟು ದಿನ ನಾನು ನೋಡಿದ ಯಾವ ವಿಡಿಯೋದಲ್ಲೂ ಈ ಮಾತು ಬಂದಿರಲಿಲ್ಲ. ಹೊಲದಲ್ಲಿ ಡ್ರಿಪ್ ನೀರು ಉಳಿಸುತ್ತದೆ, ಸರಿ. ಅಲ್ಲಿ ಕೆಳಗೆ ಆಳವಾದ ಮಣ್ಣಿದೆ, ಮೇಲೆ ಮಳೆಗಾಲ ಇದೆ. ಹತ್ತು ಲೀಟರ್ ಬ್ಯಾಗಿಗೆ ಎರಡೂ ಇಲ್ಲ. ಆ ಮಳೆಯ ಕೆಲಸವನ್ನು ನಿಮ್ಮ ಡ್ರಿಪ್ಪೇ ಮಾಡಬೇಕು. ದಿನಕ್ಕೆ ಕೊಟ್ಟ ನೀರಿನಲ್ಲಿ ಹತ್ತರಿಂದ ಇಪ್ಪತ್ತು ಪರ್ಸೆಂಟ್ ತಳದಿಂದ ಆಚೆ ಬರಬೇಕು. ಬರಲೇಬೇಕು. ಅದು ದಂಡಕ್ಕೆ ಹೋದ ನೀರಲ್ಲ.

ಮಾವ ಊರಿಗೆ ಹೊರಟ ಮೇಲೆ ಒಂದು ಬ್ಯಾಗಿಗೆ ಚೊಂಬಿನಲ್ಲಿ ನೀರು ಹಾಕಿ, ಕೆಳಗೆ ಬಸಿದದ್ದನ್ನು ಲೋಟದಲ್ಲಿ ಹಿಡಿದು ಮೀಟರ್ ಅದ್ದಿದೆ. ಬಸಿದ ನೀರು ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ಇಸಿ 6 ದಾಟಿತ್ತು. ನಾನು ಮೇಲಿಂದ ಕೊಡುತ್ತಿದ್ದದ್ದು 2.6. ಬ್ಯಾಗುಗಳನ್ನೆಲ್ಲ ಬಾತ್‌ರೂಮಿಗೆ ಹೊತ್ತು, ಕಾವೇರಿ ನೀರಿಗೆ ತೀರಾ ತೆಳುವಾಗಿ ಗೊಬ್ಬರ ಬೆರೆಸಿ, ಕೆಳಗೆ ಬರುವ ನೀರಿನ ಇಸಿ 2ಕ್ಕೆ ಇಳಿಯುವ ತನಕ ಸುರಿದೆ. ಉಳಿಸಿದ್ದ ನೀರೆಲ್ಲ ಒಂದೇ ಬೆಳಗ್ಗೆ ಬಡ್ಡಿ ಸಮೇತ ಹೋಯಿತು. ಮೂರು ಗಿಡ ಚೇತರಿಸಿಕೊಳ್ಳಲೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ತಿರುಗಿಸುತ್ತೇನೆ. ಯಾವ ಡ್ರಿಪ್ ಕಿಟ್ ಅಂತ ಕೇಳಬೇಡಿ. ಬಸಿದ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ. ಬ್ಯಾಗನ್ನು ತಟ್ಟೆಯಲ್ಲಿ ಕೂರಿಸಬೇಡಿ. ತಟ್ಟೆಯಲ್ಲಿ ನಿಂತ ಉಪ್ಪುನೀರನ್ನು ಕೋಕೋಪೀಟ್ ಮತ್ತೆ ಮೇಲಕ್ಕೆ ಹೀರಿಕೊಳ್ಳುತ್ತದೆ. ನಾನು ಈಗ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಉದ್ದದ ಪಿವಿಸಿ ಟ್ರೇ ಇಟ್ಟು, ಒಂದು ತುದಿಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದೇನೆ. ಬ್ಯಾಗ್ ಟ್ರೇಗೆ ತಾಗದ ಹಾಗೆ ಕೆಳಗೆ ಪೈಪಿನ ತುಂಡುಗಳಿವೆ. ಬಸಿದದ್ದು ಬಕೆಟ್ಟಿಗೆ ಬೀಳುತ್ತದೆ. ಬಕೆಟ್ಟಿನ ನೀರಿಗೆ ಇನ್ನಷ್ಟು ನೀರು ಬೆರೆಸಿ, ಕೆಳಗಿನ ಕಾಂಪೌಂಡಿನ ಕರಿಬೇವು, ದಾಸವಾಳಕ್ಕೆ ಹಾಕುತ್ತೇನೆ. ಅವು ನೆಲದಲ್ಲಿವೆ, ಮಳೆಯೂ ಬೀಳುತ್ತದೆ. ಅದನ್ನೇ ತಿರುಗಿ ಗೊಬ್ಬರದ ನೀರಿನ ಟ್ಯಾಂಕಿಗೆ ಹಾಕುವ ಆಸೆ ಬರುತ್ತದೆ. ಹಾಕಬೇಡಿ.

ಕೋಕೋಪೀಟ್ ಬಗ್ಗೆ ಒಂದು ಮಾತು. ಇಟ್ಟಿಗೆಯ ಹಾಗೆ ಒತ್ತಿದ ಕೋಕೋಪೀಟನ್ನು ನೀರಲ್ಲಿ ನೆನೆಸಿ ನೇರ ಬ್ಯಾಗಿಗೆ ತುಂಬಬೇಡಿ, ಪ್ಯಾಕೆಟ್ ಮೇಲೆ ತೊಳೆದದ್ದು ಅಂತ ಬರೆದಿದ್ದರೂ ಸರಿ. ತೆಂಗಿನ ಮಟ್ಟೆಯಿಂದ ಬರುವಾಗಲೇ ಅದು ಪೊಟ್ಯಾಸಿಯಂ, ಸೋಡಿಯಂ ಹಿಡಿದುಕೊಂಡು ಬಂದಿರುತ್ತದೆ. ನೀವು ಕ್ಯಾಲ್ಸಿಯಂ ಕೊಟ್ಟರೆ ಅದನ್ನು ತಾನು ಇಟ್ಟುಕೊಂಡು, ಇವೆರಡನ್ನು ಆಚೆ ಬಿಡುತ್ತದೆ. ಗಿಡಕ್ಕೆ ಕ್ಯಾಲ್ಸಿಯಂ ಸಾಲದೇ ಹೋಗುತ್ತದೆ. ಬರೀ ನೀರಿನಲ್ಲಿ ತೊಳೆದರೆ ಮೇಲಿನ ಉಪ್ಪು ಹೋಗುತ್ತದೆ, ಒಳಗೆ ಅಂಟಿಕೊಂಡಿರುವುದು ಹೋಗುವುದಿಲ್ಲ. ಅದಕ್ಕೇ ನಾನು 5 ಕೆಜಿ ಬ್ಲಾಕನ್ನು ಮೊದಲು ಒಳ್ಳೆ ನೀರಿನಲ್ಲಿ ತೊಳೆದು, ಆಮೇಲೆ ಸುಮಾರು 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಬಸಿದು, ಇನ್ನೊಮ್ಮೆ ತೊಳೆಯುತ್ತೇನೆ. ಅಂಗಡಿಯವರು "ಅಷ್ಟೆಲ್ಲ ಬೇಡ ಸಾರ್" ಅನ್ನುತ್ತಾರೆ. ಅವರಿಗೇನು, ಗಿಡ ನಿಮ್ಮದು.

ಗೊಬ್ಬರದ ವಿಷಯದಲ್ಲೂ ಒಂದು ಮೋಸ ಇದೆ. ಎಲ್ಲ ಕಡೆ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಗೊಬ್ಬರದಲ್ಲಿ ಸಾರಜನಕದ ಅರ್ಧಕ್ಕಿಂತ ಜಾಸ್ತಿ ಪಾಲು ಯೂರಿಯಾ ರೂಪದಲ್ಲಿ ಇರುತ್ತದೆ. ಯೂರಿಯಾವನ್ನು ಇಸಿ ಮೀಟರ್ ಹಿಡಿಯುವುದೇ ಇಲ್ಲ. ಮೀಟರ್ ಕಡಿಮೆ ತೋರಿಸಿತು ಅಂತ ಇನ್ನಷ್ಟು ಹಾಕಿದಿರೋ, ಕೆಟ್ಟಿರಿ. ಹೈಡ್ರೋಪೋನಿಕ್ಸ್‌ಗೆ (ಮಣ್ಣಿಲ್ಲದೆ ಬೆಳೆಯುವುದಕ್ಕೆ) ಅಂತಲೇ ಬರುವ ಎ ಮತ್ತು ಬಿ ಗೊಬ್ಬರ ತಗೊಳ್ಳಿ. ಎರಡನ್ನೂ ದಟ್ಟವಾಗಿದ್ದಾಗಲೇ ಬೆರೆಸಬೇಡಿ, ಕ್ಯಾಲ್ಸಿಯಂ ಗಸಿಯಾಗಿ ತಳಕ್ಕೆ ಕೂರುತ್ತದೆ, ಡ್ರಿಪ್ಪರ್ ಕಟ್ಟುತ್ತದೆ. ನೀರು ತುಂಬಿದ ಟ್ಯಾಂಕಿಗೆ ಮೊದಲು ಒಂದನ್ನು ಹಾಕಿ ಕಲಕಿ, ಆಮೇಲೆ ಇನ್ನೊಂದು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 5.8ರಿಂದ 6.2ರ ಒಳಗೆ ಇರಲಿ.

ಈಗ ಪಂಪಿಗೆ ಬರೋಣ. ಕೂಲರ್ ಪಂಪ್ ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ಟ್ಯಾಂಕಿನಲ್ಲಿ ಮುಳುಗಿಸಿ, ತುದಿಗೆ ಪ್ರೆಶರ್ ಕಾಂಪನ್ಸೇಟಿಂಗ್ (ಒತ್ತಡ ಹೆಚ್ಚುಕಮ್ಮಿ ಆದರೂ ಒಂದೇ ಸಮ ನೀರು ಬಿಡುವ) ಡ್ರಿಪ್ಪರ್ ಹಾಕುವವರೇ ಜಾಸ್ತಿ. ಕೆಲಸ ಮಾಡುವುದಿಲ್ಲ. ಒಂದು ಮೀಟರ್ ಎತ್ತರದ ನೀರು ಅಂದರೆ 0.1 ಬಾರ್ ಒತ್ತಡ. ಕೂಲರ್ ಪಂಪ್ ಎತ್ತುವುದೇ ಹೆಚ್ಚೆಂದರೆ ಎರಡು ಮೀಟರ್. ಆ ಡ್ರಿಪ್ಪರ್‌ಗಳು ಸರಿಯಾಗಿ ಕೆಲಸ ಮಾಡೋಕೆ ಅರ್ಧದಿಂದ ಒಂದು ಬಾರ್ ಆದರೂ ಬೇಕು. ಹತ್ತಿರದ ಬ್ಯಾಗಿಗೆ ಒಂದಿಷ್ಟು ನೀರು ಬಂದರೆ, ಕೊನೆಯ ಬ್ಯಾಗಿಗೆ ಬರೀ ಗಾಳಿ.

ನಾನು ಹಾಕಿರೋದು ರೈತರು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ ಪಂಪ್. ಸ್ಪ್ರೇಯರ್ ರಿಪೇರಿ ಮಾಡುವ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಒತ್ತಡ ಬೇಕಾದಷ್ಟಿದೆ, ತೊಂದರೆ ಉಲ್ಟಾ. ಎಂಟು ಬ್ಯಾಗ್, ಬ್ಯಾಗಿಗೆ ಗಂಟೆಗೆ 2 ಲೀಟರಿನ ಎರಡೆರಡು ಡ್ರಿಪ್ಪರ್ ಅಂದರೆ ನಿಮಿಷಕ್ಕೆ ಅರ್ಧ ಲೀಟರ್ ಅಷ್ಟೇ. ಪಂಪ್ ಅದರ ಐದಾರು ಪಟ್ಟು ತಳ್ಳುತ್ತದೆ. ಒತ್ತಡ ಏರಿ, ಸ್ವಿಚ್ ಬಿದ್ದು, ಮತ್ತೆ ಹತ್ತಿ, ಟಕಟಕ ಅಂತ ಬಡಿದುಕೊಳ್ಳುತ್ತದೆ. ಅದಕ್ಕೆ ಪಂಪಿನ ಮುಂದೆ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ, ಒಂದು ಕವಲನ್ನು ವಾಲ್ವ್ ಮೂಲಕ ವಾಪಸ್ ಟ್ಯಾಂಕಿಗೇ ಬಿಡಿ. ವಾಲ್ವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಒತ್ತಡ ಹೊಂದಿಸಿ. ಆ ವಾಪಸ್ ನೀರು ಟ್ಯಾಂಕಿನ ಗೊಬ್ಬರವನ್ನೂ ಕಲಕುತ್ತದೆ, ಅದು ಲಾಭ.

ಬ್ಯಾಗಿಗೆ ಒಂದೇ 4 ಲೀಟರ್ ಡ್ರಿಪ್ಪರ್ ಬದಲು ಎರಡು ಯಾಕೆ ಅಂದರೆ, ಒಂದೇ ಕಡೆ ಬಿದ್ದ ನೀರು ನೇರ ಕೆಳಗೆ ಇಳಿದು, ಇನ್ನೊಂದು ಕಡೆ ಒಣಗಿಯೇ ಉಳಿಯುತ್ತದೆ. ಒಣಗಿದ ಕಡೆ ಉಪ್ಪು ಇನ್ನೂ ಗಟ್ಟಿ.

ಟೈಮರ್ ತಗೊಳ್ಳುವಾಗ ನಿಮಿಷದ ಲೆಕ್ಕದಲ್ಲಿ ಸೆಟ್ ಆಗುವ ಡಿಜಿಟಲ್ಲೇ ತಗೊಳ್ಳಿ. ಸುತ್ತಲೂ ಹಲ್ಲು ಇರುವ ಅಗ್ಗದ ಟೈಮರ್‌ನಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಇಡೋಕೆ ಆಗಲ್ಲ. ಹದಿನೈದು ನಿಮಿಷಕ್ಕೆ ಬ್ಯಾಗಿಗೆ ಒಂದು ಲೀಟರ್ ಹೋಗಿಬಿಡುತ್ತದೆ. ನಾನು ಐದು ನಿಮಿಷ ಬಿಡುತ್ತೇನೆ, ಅಂದರೆ ಮುನ್ನೂರು ಎಂಎಲ್‌ಗೆ ಸ್ವಲ್ಪ ಮೇಲೆ. ಲೈಟ್ ಹತ್ತಿ ಒಂದು ಗಂಟೆಯ ಮೇಲೆ ಮೊದಲ ಸಲ, ಲೈಟ್ ಆರುವ ಒಂದೆರಡು ಗಂಟೆ ಮುಂಚೆ ಕೊನೆಯ ಸಲ. ಒಟ್ಟು ದಿನಕ್ಕೆ ನಾಲ್ಕು. ಕಾಯಿ ಹಿಡಿದಾಗ ಆರು. ಮಣ್ಣಿನ ಹಾಗೆ ಎರಡು ದಿನಕ್ಕೊಮ್ಮೆ ಹಾಕೋಣ ಅನ್ನೋ ಯೋಚನೆ ಬೇಡ. ಕೋಕೋಪೀಟ್‌ನಲ್ಲಿ ಗಾಳಿ ಇರುತ್ತದೆ, ಹಾಗಾಗಿ ಬೇರು ಕೊಳೆಯುತ್ತದೆ ಅಂತ ಅಷ್ಟೊಂದು ಹೆದರಬೇಕಿಲ್ಲ. ಒಣಗೋಕೆ ಬಿಟ್ಟರೇ ಕಷ್ಟ.

ಪೈಪ್ 16 ಎಂಎಂ, ಕವಲಿಗೆ 4 ಎಂಎಂ, ಎಲ್ಲ ಕಪ್ಪು. ಬಿಳಿ ಟ್ಯೂಬ್ ಚೆಂದ ಕಾಣುತ್ತದೆ, ಆದರೆ ಲೈಟಿನ ಕೆಳಗೆ ಒಳಗೆಲ್ಲ ಪಾಚಿ. 120 ಮೆಶ್ ಫಿಲ್ಟರ್ ಇರಲಿ. ಕೊನೆಯ ಎಂಡ್ ಕ್ಯಾಪ್ ಬಿಚ್ಚಿ ಆಗಾಗ ನೀರು ಹಾಯಿಸಿ. ಡ್ರಿಪ್ಪರ್ ಬಾಯಲ್ಲಿ ಗಡಸು ನೀರಿನ ಸುಣ್ಣ ಕಟ್ಟಿದರೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಿನಲ್ಲಿ ನೆನೆಹಾಕಿ. ಇವೆಲ್ಲ ಯಾವ ತಾಲ್ಲೂಕಿನ ಡ್ರಿಪ್ ಅಂಗಡಿಯಲ್ಲೂ ಸಿಗುತ್ತವೆ, ಆನ್‌ಲೈನ್ ಕಿಟ್ಟಿನ ಅರ್ಧ ದುಡ್ಡು ಸಾಕು.

ಟ್ಯಾಂಕ್ ಮಾತ್ರ ನೆಲದ ಮೇಲೇ ಇರಲಿ, ಡ್ರಿಪ್ಪರ್‌ಗಿಂತ ಕೆಳಗೆ. ಜಾಗ ಇಲ್ಲ ಅಂತ ಸಜ್ಜೆಯ ಮೇಲೆ ಇಟ್ಟರೆ, ಪಂಪ್ ನಿಂತ ಮೇಲೂ ಟ್ಯಾಂಕಿನ ನೀರು ತಾನೇ ಇಳಿಯುತ್ತಾ ಹೋಗುತ್ತದೆ. ಈ ಪಂಪಿನೊಳಗಿನ ವಾಲ್ವ್ ಹಿಂದಕ್ಕೆ ಹೋಗುವ ನೀರನ್ನು ತಡೆಯುತ್ತದೆಯೇ ಹೊರತು ಮುಂದಕ್ಕೆ ಹೋಗುವುದನ್ನಲ್ಲ. ಟ್ಯಾಂಕ್ ಖಾಲಿಯಾದ ಮೇಲೆ ಕೆಳಗಿನ ಮನೆಯವರು ಬೆಲ್ ಒತ್ತುತ್ತಾರೆ.

ಇನ್ನು ಊರಿಗೆ ಹೋಗುವ ವಿಷಯ. ಎಂಟು ಬ್ಯಾಗಿಗೆ ವಾರಕ್ಕೆ 75 ಲೀಟರ್ ಬೇಕು, ಕಾಯಿ ಇದ್ದರೆ ನೂರು ದಾಟುತ್ತದೆ. ಬಸಿದ ನೀರು ಹಿಡಿಯೋಕೆ 20 ಲೀಟರಿನ ಬಕೆಟ್ ಬೇಕು. ಇದೆಲ್ಲ ಮಾಡಿಕೊಂಡು ನಾನು ನಾಲ್ಕೈದು ದಿನ ನೆಮ್ಮದಿಯಾಗಿ ಹೋಗುತ್ತೇನೆ. ಅದಕ್ಕಿಂತ ಜಾಸ್ತಿ ಆದರೆ ಎದುರು ಮನೆಯ ಆಂಟಿ ಕೈಗೆ ಬೀಗದ ಕೈ. ನಿಮಗೆ ಇರೋದು ಮೂರ್ನಾಲ್ಕು ಗಿಡ ಆಗಿದ್ದು, ಊರಿಗೆ ಹೋದಾಗಿನ ಚಿಂತೆಗೋಸ್ಕರವೇ ಡ್ರಿಪ್ ಹಾಕೋದಾದರೆ, ದಯವಿಟ್ಟು ಬೇಡ. ಕೆಂಪುಮಣ್ಣು, ಗೊಬ್ಬರ ತುಂಬಿದ ದೊಡ್ಡ ಕುಂಡದಲ್ಲಿ ನೆಟ್ಟು, ಬಾಲ್ಕನಿಯಲ್ಲಿಟ್ಟು, ದಿನಾ ಚೊಂಬಿನಲ್ಲಿ ಹಾಕಿ. ದುಡ್ಡೂ ಉಳಿಯುತ್ತದೆ, ಕರೆಂಟೂ ಉಳಿಯುತ್ತದೆ.

ಇಲ್ಲ, ರೂಮಿನಲ್ಲೇ ಬೆಳೆಯುತ್ತೇನೆ ಅನ್ನುವ ಹಟ ಇದ್ದರೆ, ಮೊದಲು ತಗೊಳ್ಳಬೇಕಾದದ್ದು ಇಸಿ ಮೀಟರ್. ನಿಮ್ಮ ನಲ್ಲಿ ನೀರಿನ ಇಸಿ ಎಷ್ಟು, ರೂಮಿನಿಂದ ಬಾತ್‌ರೂಮ್ ಡ್ರೈನ್ ಎಷ್ಟು ದೂರ, ಎಷ್ಟು ಬ್ಯಾಗ್ ಅಂತ ಕೆಳಗೆ ಬರೆಯಿರಿ. ಪೈಪು, ಡ್ರಿಪ್ಪರ್ ಎಷ್ಟು ಬೇಕು ಅಂತ ಲೆಕ್ಕ ಹಾಕಿಕೊಡುತ್ತೇನೆ.